ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಹೋಟೆಲ್ ಬುಕ್ ಮಾಡೋ ಸಸ್ಯಾಹಾರಿಗಳೇ, ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಬಾಸ್ಟನ್ ಸುತ್ತಮುತ್ತ ಇರೋ ನಮ್ಮ ಕನ್ನಡದವ್ರಿಗೆ, ಅದ್ರಲ್ಲೂ ಊರಿಂದ ಅಪ್ಪ ಅಮ್ಮ ಅತ್ತೆ ಮಾವ ಬಂದಿದಾರೆ, ಮ್ಯಾಸಚೂಸೆಟ್ಸ್ ಪಶ್ಚಿಮದ ಬರ್ಕ್‌ಶೈರ್ ಕಡೆ ಹಳೇ ಕಾಲದ ದೊಡ್ಡ ಇನ್‌ನಲ್ಲಿ (ರೂಮು, ಊಟ ಎರಡೂ ಇರೋ ಹೋಟೆಲ್) ಥ್ಯಾಂಕ್ಸ್‌ಗಿವಿಂಗ್ ಅನ್ನೋ ಅಮೆರಿಕದ ಹಬ್ಬದೂಟ ಮಾಡಿಸೋಣ ಅಂತ ಹೊರಟಿರೋರಿಗೆ ಇದನ್ನ ಬರೀತಿದೀನಿ. ಹೆಸರು ಹಾಕಲ್ಲ, ಲೆನಾಕ್ಸ್ ಸ್ಟಾಕ್‌ಬ್ರಿಜ್ ಆ ಕಡೆ ಇಂಥವು ಬೇಕಾದಷ್ಟಿವೆ. ಆದ್ರೆ ನಂಗಿನ್ನೂ ಕೋಪ ಇಳಿದಿಲ್ಲ.

ಎಲ್ಲಾ ಕೇಳಿ, ವಿಚಾರಿಸಿಯೇ ಬುಕ್ ಮಾಡಿದ್ದು. ಅಕ್ಟೋಬರಲ್ಲೇ ಫೋನ್ ಮಾಡಿ, ನಾವು ನಾಲ್ಕೂ ಜನ ಸಸ್ಯಾಹಾರಿಗಳು, ಕೋಳಿ ಇಲ್ಲ ಮೀನಿಲ್ಲ ಏನೂ ಇಲ್ಲ, ಅತ್ತೆ ಮಾವ ಮೊಟ್ಟೆನೂ ಮುಟ್ಟಲ್ಲ ಅಂತ ಬಿಡಿಸಿ ಬಿಡಿಸಿ ಹೇಳ್ದೆ. ಆ ಕಡೆಯವಳು ಏನು ನಯ, ಏನು ವಿನಯ! "ಖಂಡಿತ, ನಮ್ಮ ಶೆಫ್‌ಗೆ ತರಕಾರಿ ಅಡುಗೆ ಅಂದ್ರೆ ತುಂಬಾ ಇಷ್ಟ, ಬುಕಿಂಗಲ್ಲಿ ನೋಟ್ ಹಾಕಿದೀನಿ, ನೀವೇನೂ ಯೋಚ್ನೆ ಮಾಡ್ಬೇಡಿ" ಅಂದ್ಲು. ಊಟ ತಲೆಗೆ 98 ಡಾಲರ್, ಅದ್ರ ಮೇಲೆ ಸರ್ವೀಸ್ ಚಾರ್ಜ್ 20%, ಟ್ಯಾಕ್ಸ್ ಬೇರೆ. ರೂಮು ಕಮ್ಮಿ ಅಂದ್ರೆ ಎರಡು ರಾತ್ರಿ ತಗೊಳ್ಳೇಬೇಕು, ಹೋಗೋ ದಿನಕ್ಕೆ 14 ದಿನಕ್ಕಿಂತ ಕಮ್ಮಿ ಇದ್ದಾಗ ಕ್ಯಾನ್ಸಲ್ ಮಾಡಿದ್ರೆ ಒಂದು ಡಾಲರೂ ವಾಪಸ್ ಇಲ್ಲ. ಹಬ್ಬದ ಟೈಮಲ್ಲಿ ಎಲ್ಲಾ ಕಡೆ ಹೀಗೇ ಇರುತ್ತೆ, ಅದಕ್ಕೆ ನಂದೇನೂ ತಕರಾರಿಲ್ಲ.

ಹಬ್ಬದ ಗುರುವಾರ ಮಧ್ಯಾಹ್ನ ಊಟಕ್ಕೆ ಕೂತ್ವಿ. ಅಗ್ಗಿಷ್ಟಿಕೆ, ಬಿಳೀ ಮೇಜುಬಟ್ಟೆ, ಮೇಣದ ಬತ್ತಿ, ಎಲ್ಲಾ ಇತ್ತು. ಮೊದ್ಲು ಬಟರ್‌ನಟ್ ಸ್ಕ್ವಾಷ್ ಸೂಪ್ ಬಂತು. ಅತ್ತೆ ಒಂದು ಚಮಚ ಬಾಯಿಗಿಟ್ಟು, "ಚೆನ್ನಾಗಿದೆ ಕಣಮ್ಮ, ನಮ್ಮ ಸಿಹಿಗುಂಬಳದ ರುಚಿನೇ" ಅಂತ ಖುಷಿಯಾಗಿ ಅರ್ಧ ಬಟ್ಟಲು ಕುಡಿದ್ರು. ಇಲ್ಲಿಗೆ ಬಂದಾಗಿಂದ ಹೊರಗಡೆ ಊಟಕ್ಕೆ ಹೆದರ್ತಿದ್ದ ಅತ್ತೆ! ನಂಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ. ಆಮೇಲೆ ಸ್ಟಫಿಂಗ್, ಅಂದ್ರೆ ಬ್ರೆಡ್ಡು ನೆನೆಸಿ ಬೇಯಿಸಿದ ತಿನಿಸು, ತಂದ್ರು. ಅದನ್ನ ಎಷ್ಟೋ ಕಡೆ ಟರ್ಕಿ ಕೋಳಿಯ ಹೊಟ್ಟೆಯೊಳಗೇ ತುಂಬಿ ಬೇಯಿಸ್ತಾರೆ ಅಂತ ಗೊತ್ತಿತ್ತು, ಅದಕ್ಕೆ ಬಡಿಸೋ ಹುಡುಗನ್ನ ಕೇಳ್ದೆ. ಅವನು ನಗ್ತಾ, "ಇಲ್ಲ ಇಲ್ಲ, ನಿಮ್ಮದು ಬೇರೆ ಟ್ರೇಲಿ ಮಾಡಿದ್ದು, ಹಕ್ಕಿಯೊಳಗೆ ಇಟ್ಟಿಲ್ಲ, ಬ್ರೆಡ್ಡು ನೆನೆಯೋಕೆ ಬರೀ ಚಿಕನ್ ಸ್ಟಾಕ್ ಅಷ್ಟೇ, ಸೂಪಿಗೂ ಅದೇ ಹಾಕೋದು" ಅಂದ.

ಬರೀ ಚಿಕನ್ ಸ್ಟಾಕ್ ಅಷ್ಟೇ. ಸೂಪಿಗೂ ಅದೇ. ಸ್ಟಾಕ್ ಅಂದ್ರೆ ಕೋಳಿ ಮೂಳೆ, ಮಾಂಸ ಕುದಿಸಿ ಸೋಸಿದ ನೀರು.

ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಆದ್ರೆ ಚಿಕನ್ ಅಂದಿದ್ದು ಯಾರಿಗೆ ತಿಳಿಯಲ್ಲ ಹೇಳಿ. ಚಮಚ ಕೆಳಗಿಟ್ಟು ನನ್ನ ಮುಖ ನೋಡಿದ್ರು. "ಏನಂದ್ರಮ್ಮ ಅವ್ರು?" ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ಬಿಡ್ತು ನಂಗೆ. ಎಪ್ಪತ್ತು ದಾಟಿದ ಹೆಂಗಸು, ಹುಟ್ಟಿದಾಗಿಂದ ಮುಟ್ಟದೇ ಇರೋದನ್ನ ನಾನು ಕರ್ಕೊಂಡು ಬಂದ ಜಾಗದಲ್ಲಿ, ನಮ್ಮ ದುಡ್ಡಲ್ಲಿ, ಚೆನ್ನಾಗಿದೆ ಅಂತ ಹೇಳ್ಕೊಂಡು ಕುಡಿದ್ರು. ಎದ್ದು ರೂಮಿಗೆ ಹೋಗಿ ಬಾಯಿ ಮುಕ್ಕಳಿಸಿದವರು ಮತ್ತೆ ಊಟಕ್ಕೆ ಬರ್ಲೇ ಇಲ್ಲ. ಮಾವನೂ ಅವರ ಹಿಂದೆನೇ ಎದ್ದು ಹೋದ್ರು.

ಮ್ಯಾನೇಜರ್ ಬಂದ. ಅವನ ಮಾತು ಕೇಳಿ. "ಸೂಪಲ್ಲಿ ಮಾಂಸದ ತುಂಡು ಯಾವ್ದೂ ಇಲ್ವಲ್ಲ ಮೇಡಂ." ಅದಾದ್ಮೇಲೆ, "ನಿಮ್ಮ ನೋಟಲ್ಲಿ ಟರ್ಕಿ ಬೇಡ ಅಂತ ಮಾತ್ರ ಇದೆ." ಅದಾದ್ಮೇಲೆ, "ಪ್ರತಿ ವರ್ಷ ಸಸ್ಯಾಹಾರಿ ಗೆಸ್ಟ್‌ಗಳು ಬರ್ತಾರೆ, ಇದುವರೆಗೂ ಯಾರೂ ಕಂಪ್ಲೇಂಟ್ ಮಾಡಿಲ್ಲ." ಅಯ್ಯೋ ದೇವ್ರೇ, ಅವ್ರಿಗೆ ಏನು ಕುಡೀತಿದೀವಿ ಅಂತ ಗೊತ್ತಿದ್ರೆ ತಾನೇ ಕಂಪ್ಲೇಂಟ್ ಮಾಡೋದು! ಈ ಮಾತಂತೂ ನಂಗೆ ಮರೆಯೋಕೇ ಆಗ್ತಿಲ್ಲ.

ಸರಿ, ಬೇರೆ ಏನು ಕೊಡ್ತೀರಾ ಅಂದೆ. ಬ್ರಸಲ್ಸ್ ಸ್ಪ್ರೌಟ್ಸ್ ಅನ್ನೋ ಪುಟ್ಟ ಕೋಸಲ್ಲಿ ಬೇಕನ್ (ಹಂದಿ ಮಾಂಸ), ಆರಿಸಿ ತೆಗೆದು ಕೊಡ್ತೀವಿ ಅಂದ್ರು. ಸಿಹಿಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ, ಅದರಲ್ಲಿರೋ ಜೆಲಟಿನ್ ಪ್ರಾಣಿಯ ಮೂಳೆ ಚರ್ಮದಿಂದ ಬರೋದು. ಪಂಪ್ಕಿನ್ ಪೈಯಲ್ಲಿ ಮೊಟ್ಟೆ, ಪೀಕ್ಯಾನ್ ಪೈಯಲ್ಲೂ ಮೊಟ್ಟೆ. ಕೊನೆಗೆ ಉಳಿದಿದ್ದು ಆಲೂಗಡ್ಡೆ ಮ್ಯಾಶ್, ಕ್ಯಾರೆಟ್ಟು, ಕ್ರ್ಯಾನ್‌ಬೆರಿ ಸಾಸ್. 98 ಡಾಲರಿಗೆ ಆಲೂಗಡ್ಡೆ! ಅತ್ತೆಗೆ ಹಣ್ಣಾದ್ರೂ ತರೋಣ ಅಂದ್ರೆ ಮ್ಯಾಸಚೂಸೆಟ್ಸಲ್ಲಿ ಥ್ಯಾಂಕ್ಸ್‌ಗಿವಿಂಗ್ ದಿನ ಸೂಪರ್‌ಮಾರ್ಕೆಟ್ ತೆಗೆಯೋ ಹಾಗೇ ಇಲ್ಲ, ಹಳೇ ಬ್ಲೂ ಲಾ ಅಂತ ಕಾನೂನೇ ಇದೆ. ನಮ್ಮನೆಯವ್ರು ಕತ್ತಲಲ್ಲಿ ಕಾರ್ ಓಡಿಸ್ಕೊಂಡು ಹೋಗಿ ಯಾವ್ದೋ ಗ್ಯಾಸ್ ಸ್ಟೇಷನ್ನಿಂದ ಬಾಳೆಹಣ್ಣು, ಹಾಲು ತಂದ್ರು. ಅತ್ತೆ ಹಾಲು ಮಾತ್ರ ಕುಡಿದು ಮಲಗಿದ್ರು. "ಬಿಡಮ್ಮ, ನೀನೇನು ಬೇಕಂತ ಮಾಡಿದ್ಯಾ" ಅಂದ್ರು. ಬೈದಿದ್ರೇ ವಾಸಿ ಇತ್ತು.

ಬಿಲ್ಲು ನಾಲ್ಕೂ ಜನಕ್ಕೆ ಪೂರ್ತಿ. ಸರ್ವೀಸ್ ಚಾರ್ಜೂ ಪೂರ್ತಿ. ಮನೆಗೆ ಬಂದು ಈಮೇಲ್ ಮಾಡಿದ್ರೆ, ನಿಮ್ಮ ನಿರೀಕ್ಷೆಗೆ ತಕ್ಕಂತೆ ಊಟ ಇರದಿದ್ದಕ್ಕೆ ವಿಷಾದ, ಮುಂದಿನ ಸಲ ಬಂದಾಗ ರೂಮಿಗೆ 10% ಕಡಿಮೆ ಮಾಡ್ತೀವಿ ಅಂತ ಉತ್ತರ. ಮುಂದಿನ ಸಲ ಅಂತೆ! ಮತ್ತೆ ಬರೆದೆ. ಹಬ್ಬದ ಮೆನು ಬದಲಾಯಿಸೋಕೆ ಆಗಲ್ಲ ಅಂತ ವೆಬ್‌ಸೈಟಲ್ಲೇ ಹಾಕಿದೀವಿ ಅಂದ್ರು. ಬದಲಾಯಿಸೋಕೆ ಆಗಲ್ಲ ಅಂದ್ಮೇಲೆ ಫೋನಲ್ಲಿ ಖಂಡಿತ ಅಂದಿದ್ಯಾಕೆ? ಕಾರ್ಡ್ ನಂಬರ್ ತಗೊಳ್ಳೋವರೆಗೂ ಖಂಡಿತ, ತಗೊಂಡ್ಮೇಲೆ ಆಗಲ್ಲ. ಈ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಇಲ್ಲ.

ಫೋನಲ್ಲಿ ಹೇಳಿದ್ದನ್ನ ಯಾವ ಕಾರಣಕ್ಕೂ ನಂಬ್ಬೇಡಿ. ಈಮೇಲಲ್ಲಿ ಒಂದೊಂದೇ ಐಟಂ ಹೆಸರು ಹಾಕಿ ಕೇಳಿ: ಸೂಪಿಗೆ ಯಾವ ಸ್ಟಾಕು, ಸ್ಟಫಿಂಗಿಗೆ ಏನು, ಗ್ರೇವಿಗೆ ಏನು, ಪೈ ಹಿಟ್ಟಿಗೆ ಬೆಣ್ಣೆನಾ ಹಂದಿ ಕೊಬ್ಬಾ, ಸಲಾಡ್ ಡ್ರೆಸ್ಸಿಂಗಲ್ಲಿ ಮೀನಿದ್ಯಾ. ಬರವಣಿಗೆಯಲ್ಲಿ ಉತ್ತರ ಬರೋವರೆಗೂ ಡೆಪಾಸಿಟ್ ಕಟ್ಬೇಡಿ. ವೀಗನ್ ಮೆನು (ಹಾಲು, ಮೊಟ್ಟೆ ಸೇರಿ ಪ್ರಾಣಿಯಿಂದ ಬಂದದ್ದೇನೂ ಇಲ್ಲದ್ದು) ಬೇರೆ ಇದ್ಯಾ ಅಂತ ಕೇಳೋದು ಇನ್ನೂ ಒಳ್ಳೇದು, ಅದರಲ್ಲಾದ್ರೆ ಸ್ಟಾಕು, ಜೆಲಟಿನ್, ಮೊಟ್ಟೆ ಎಲ್ಲಾ ಒಟ್ಟಿಗೇ ಹೊರಗೆ ಹೋಗುತ್ತೆ. ಕ್ರಿಸ್‌ಮಸ್ ಊಟಕ್ಕೆ ಈಗಾಗ್ಲೇ ಬುಕಿಂಗ್ ತಗೋತಿದಾರೆ, ಅದೇ ಫೋನು, ಅದೇ ನಯವಾದ ದನಿ. ನಾವಂತೂ ಕಾರ್ಡ್ ಕಂಪನಿಗೆ ಡಿಸ್ಪ್ಯೂಟ್ ಹಾಕಿದೀವಿ, ದುಡ್ಡು ವಾಪಸ್ ಬರೋವರೆಗೂ ಬಿಡಲ್ಲ.