ಕಿಂಗ್‌ಸ್ಟನ್ ಬ್ಲ್ಯಾಕ್ ಕುಡಿಯೋಕೆ, ಡ್ಯಾಬಿನೆಟ್ ನೆಡೋಕೆ

ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಸೈಡರ್ (ಸೇಬಿನ ರಸ ಹುದುಗಿಸಿ ಮಾಡುವ ಮದ್ಯ) ಮಾಡುವ ಸೇಬಿನ ಮಾತೆತ್ತಿದರೆ ಈ ಎರಡು ಹೆಸರು ಬಂದೇ ಬರುತ್ತವೆ. ಕಿಂಗ್‌ಸ್ಟನ್ ಬ್ಲ್ಯಾಕ್ ಟಾಂಟನ್ ಪಕ್ಕದ ಕಿಂಗ್‌ಸ್ಟನ್ ಊರಿನ ಹೆಸರು ಹೊತ್ತ 19ನೇ ಶತಮಾನದ ತಳಿ. ಡ್ಯಾಬಿನೆಟ್ ಮಿಡಲ್ ಲ್ಯಾಂಬ್ರುಕ್‌ನ ಬೇಲಿಸಾಲಿನಲ್ಲಿ ತಾನಾಗಿ ಎದ್ದ ಸಸಿ; ವಿಲಿಯಂ ಡ್ಯಾಬಿನೆಟ್ ಎಂಬವರ ಕಣ್ಣಿಗೆ ಬಿದ್ದು ಹೆಸರಾಯಿತು. ನಾನು ಎರಡನ್ನೂ ಬೇರೆಬೇರೆ ಹಿಂಡಿ, ಹುದುಗಿಸಿ, ಕುಡಿದು ನೋಡಿದ್ದೇನೆ.

ಮೊದಲು ಹಣ್ಣು. ಎರಡೂ ಬುಟ್ಟಿಯಲ್ಲಿಟ್ಟು ಅತಿಥಿಗಳಿಗೆ ಕೊಡುವಂಥವಲ್ಲ. ಕಿಂಗ್‌ಸ್ಟನ್ ಬ್ಲ್ಯಾಕ್ ಪುಟ್ಟದು, ಸಿಪ್ಪೆ ಕಪ್ಪಿಗೆ ತಿರುಗಿದ ಕೆಂಪು. ಕಚ್ಚಿದರೆ ಒಂದು ಕ್ಷಣ ಸಿಹಿ, ಹಿಂದೆಯೇ ಹುಳಿ, ಆಮೇಲೆ ಒಗರು ಬಂದು ನಾಲಿಗೆಗೆ ಅಂಟಿಕೊಳ್ಳುತ್ತದೆ. ನೆಲ್ಲಿಕಾಯಿ ತಿಂದ ಹಾಗೆಯೇ, ಆದರೆ ಮೇಲೆ ನೀರು ಕುಡಿದರೆ ಬಾಯಿ ಸಿಹಿಯಾಗುವ ಭಾಗ್ಯ ಇಲ್ಲಿಲ್ಲ! ಡ್ಯಾಬಿನೆಟ್ ಸೌಮ್ಯ: ಸಿಹಿ, ಮೃದುವಾದ ಒಗರು, ಹುಳಿ ಹುಡುಕಿದರೂ ಸಿಗದು.

ಆ ಹುಳಿಯಲ್ಲೇ ಇರುವುದು ಎಲ್ಲ ವ್ಯತ್ಯಾಸ. ಕಿಂಗ್‌ಸ್ಟನ್ ಬ್ಲ್ಯಾಕ್ ರಸದಲ್ಲಿ ಆಮ್ಲ ಶೇ. 0.6ರ ಆಸುಪಾಸು, ಡ್ಯಾಬಿನೆಟ್‌ನಲ್ಲಿ ಶೇ. 0.2ರ ಹತ್ತಿರ. ಹಾಗಾಗಿ ಮೊದಲನೆಯದಕ್ಕೆ ಬೇರೆ ಹಣ್ಣಿನ ನೆರವೇ ಬೇಡ. ಹುಳಿ, ಸಿಹಿ, ಒಗರು ಮೂರೂ ಒಂದೇ ಹಣ್ಣಿನಲ್ಲಿರುವುದರಿಂದ ಒಂದೇ ತಳಿಯ ಬಾಟಲಿಗೆ ಇದಕ್ಕೇ ಹೆಸರು. ನನ್ನ ಲೋಟದಲ್ಲೂ ಇದೇ ಗೆದ್ದಿತು, ಗುಟುಕು ಇಳಿದ ಮೇಲೂ ರುಚಿ ಬಾಯಲ್ಲೇ ನಿಲ್ಲುತ್ತಿತ್ತು. ಬರೀ ಡ್ಯಾಬಿನೆಟ್ ಸೈಡರ್ ಬಣ್ಣಕ್ಕೆ, ಘಮಕ್ಕೆ ಸೊಗಸು, ಕುಡಿಯಲು ಮಾತ್ರ ಸ್ವಲ್ಪ ಸಪ್ಪೆ. ಆಮ್ಲ ಕಡಿಮೆಯಾದ್ದರಿಂದ ಕೆಡುವ ಭಯವೂ ಜಾಸ್ತಿ.

ತೋಟಕ್ಕೆ ಹೋದರೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಕಿಂಗ್‌ಸ್ಟನ್ ಬ್ಲ್ಯಾಕ್‌ಗೆ ಕಜ್ಜಿರೋಗ, ತೊಗಟೆ ಕೊಳೆಸುವ ಕ್ಯಾಂಕರ್ ರೋಗ ಎರಡೂ ತಗಲುತ್ತವೆ. ಫಸಲಿನಲ್ಲೋ ಮಹಾ ಜಿಪುಣ. ಡ್ಯಾಬಿನೆಟ್ ಬೇಗ ಫಲಕ್ಕೆ ಬರುತ್ತದೆ, ಧಾರಾಳವಾಗಿ ಬಿಡುತ್ತದೆ, ಕಾಯಿ ಕಚ್ಚಲು ಪಕ್ಕದಲ್ಲಿ ಬೇರೆ ತಳಿಯ ಮರ ಇರಲೇಬೇಕೆಂದಿಲ್ಲ. ಪೊಟ್ಯಾಶ್ ಮಾತ್ರ ಮರೆಯಬಾರದು. ಹಣ್ಣಾಗಲು ನವೆಂಬರ್‌ವರೆಗೂ ಕಾಯಬೇಕು, ನಿಜ. ಆದರೆ ಉದುರಿದ ಹಣ್ಣನ್ನು ಹೆಬ್ಬೆರಳು ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಾಗುವ ತನಕ ಕೂಡಿಟ್ಟು ನಿಧಾನಕ್ಕೆ ಹಿಂಡಬಹುದು.

ಹಿತ್ತಲಲ್ಲಿ ಒಂದೇ ಮರಕ್ಕೆ ಜಾಗವಿದ್ದರೆ ನಾನು ಡ್ಯಾಬಿನೆಟ್ ನೆಡುತ್ತೇನೆ. ಹುಳಿಗೆ ಒಂದಿಷ್ಟು ಬ್ರ್ಯಾಮ್ಲಿ ಸೇಬು ಬೆರೆಸಿದರಾಯಿತು, ಇಂಗ್ಲೆಂಡಿನಲ್ಲಿ ಅದಕ್ಕೇನು ಬರವಿಲ್ಲ. ಕಿಂಗ್‌ಸ್ಟನ್ ಬ್ಲ್ಯಾಕ್ ಬಾಟಲಿಯನ್ನು ಬೆಳೆದವರಿಂದ ಕೊಂಡು ಕುಡಿಯುವುದೇ ಲೇಸು.