ಆಂಟಿವೈರಸ್‌ನ ಮೇಲ್ ಸ್ಕ್ಯಾನ್: ಇರಲಾ, ಬೇಡವಾ?

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಕಂಪ್ಯೂಟರ್‌ಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಅಲ್ಲಿ ಮೇಲ್ ನೋಡುವ ತಂತ್ರಾಂಶ ಥಂಡರ್‌ಬರ್ಡ್ ತೆರೆದಾಗೆಲ್ಲ ಸರ್ಟಿಫಿಕೇಟ್ (ಸರ್ವರ್ ಅಸಲಿ ಎಂದು ತೋರಿಸುವ ಡಿಜಿಟಲ್ ಗುರುತು) ಎಚ್ಚರಿಕೆ ಬರುತ್ತಿತ್ತು. ಸರ್ವರ್ ಸರಿಯಾಗೇ ಇತ್ತು, ನಡುವೆ ನಿಂತಿದ್ದು ಆಂಟಿವೈರಸ್.

ಮೇಲ್ ಸ್ಕ್ಯಾನ್ ಇಟ್ಟುಕೊಂಡರೆ ವೈರಸ್ ಇನ್‌ಬಾಕ್ಸ್‌ಗೆ ಬರುವ ಮೊದಲೇ ಸಿಗಬಹುದು. ಆದರೆ 993 ಅಥವಾ 995 ಪೋರ್ಟ್‌ನಲ್ಲಿ (ಮೇಲ್ ಸರ್ವರ್‌ಗೆ ಸಂಪರ್ಕಿಸುವ ಬಾಗಿಲಿನ ಸಂಖ್ಯೆ) ಬರುವ ಮೇಲ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ದಾರಿಯಲ್ಲಿ ಯಾರೂ ಓದಲಾಗದಂತೆ ಗುಪ್ತವಾಗಿರುತ್ತದೆ, ಅದನ್ನು ಓದಬೇಕೆಂದರೆ ಆಂಟಿವೈರಸ್ ಸಂಪರ್ಕವನ್ನು ತಾನೇ ಬಿಚ್ಚಿ, ನೋಡಿ, ತನ್ನದೇ ಸರ್ಟಿಫಿಕೇಟ್ ಹಾಕಿ ಮತ್ತೆ ಮುಚ್ಚಿ ಕೊಡಬೇಕು. ಆ ಗುರುತಿಲ್ಲದ ಸರ್ಟಿಫಿಕೇಟ್ ಕಂಡೇ ಥಂಡರ್‌ಬರ್ಡ್ ತಡೆಯುವುದು. ಒಪ್ಪಿಕೊಂಡರೆ ನಿಜವಾದ ಸರ್ವರ್ ಸರ್ಟಿಫಿಕೇಟ್ ನಿಮಗೆ ಕಾಣುವುದೇ ಇಲ್ಲ. ನನಗೆ ಇದು ಜಾಸ್ತಿ ಚಿಂತೆಯ ವಿಷಯ.

ಮೇಲ್ ಸ್ಕ್ಯಾನ್ ಮಾತ್ರ ಆಫ್ ಮಾಡಿದರೆ? ಫೈಲ್ ಸ್ಕ್ಯಾನ್ ಹೇಗೂ ಇರುತ್ತದೆ, ಅದನ್ನು ಮುಟ್ಟಬೇಡಿ. ಅಟ್ಯಾಚ್‌ಮೆಂಟ್ ಸೇವ್ ಮಾಡಿದಾಗ, ತೆರೆದಾಗ ಅದು ನೋಡುತ್ತದೆ. ಜಿಮೇಲ್‌ನಂಥವು ತಮ್ಮ ಕಡೆಯೇ ವೈರಸ್ ಪರೀಕ್ಷೆ ಮಾಡುತ್ತವೆ ಅಲ್ವಾ? ಗಿರಣಿಯಲ್ಲಿ ನಾನು ಇದನ್ನೇ ಆರಿಸಿದೆ, ಎಚ್ಚರಿಕೆ ನಿಂತಿತು. ಒಂದು ಮಾತ್ರ ಗಮನಿಸಿ: ಥಂಡರ್‌ಬರ್ಡ್ ಸಾಮಾನ್ಯವಾಗಿ ಇಡೀ ಇನ್‌ಬಾಕ್ಸನ್ನು ಒಂದೇ ಫೈಲಿನಲ್ಲಿ ಇಡುತ್ತದೆ, ಒಂದು ಕೆಟ್ಟ ಮೇಲ್‌ಗಾಗಿ ಆಂಟಿವೈರಸ್ ಆ ಫೈಲನ್ನೇ ಎತ್ತಿಟ್ಟರೆ ವ್ಯಾಪಾರಿಗಳ ಹಳೇ ಪತ್ರಗಳೆಲ್ಲ ಮಾಯ. ಬ್ಯಾಕಪ್ ಇಡಿ.

ನಿಮ್ಮ ಮೇಲ್ ಸರ್ವರ್‌ನಲ್ಲಿ ಯಾವ ಪರೀಕ್ಷೆಯೂ ಇಲ್ಲದಿದ್ದರೆ ಸ್ಕ್ಯಾನ್ ಇಟ್ಟುಕೊಳ್ಳುವುದಕ್ಕೆ ಅರ್ಥವಿದೆ. ಆದರೆ ಸ್ಕ್ಯಾನ್ ಆಗಲಿ ಅಂತ ಎನ್‌ಕ್ರಿಪ್ಶನ್ ತೆಗೆದು ಸುಮ್ನೆ 110 ಪೋರ್ಟ್‌ಗೆ ಹೋಗಬೇಡಿ, ಪಾಸ್‌ವರ್ಡ್ ದಾರಿಯಲ್ಲಿ ಯಾರಿಗಾದರೂ ಸಿಗಬಹುದು.