ಸವಳು ಹತ್ತಿದ ಗೋಡೆಗೆ ಸಿಮೆಂಟೋ, ರಾಸಾಯನಿಕವೋ, ಸುಣ್ಣದ ಗಾರೆಯೋ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು ಭಾಗದಲ್ಲಿ ಗೋಡೆಯ ತೇವಕ್ಕೆ ಮಳೆಯೊಂದೇ ಕಾರಣವಲ್ಲ. ಎರೆಮಣ್ಣು ಹೀರಿದ ನೀರನ್ನು ಬೇಗ ಬಿಡುವುದಿಲ್ಲ. ಕಾಲುವೆ ಮತ್ತು ಭತ್ತದ ಗದ್ದೆಗಳಿಂದ ಬಸಿದ ನೀರು ಹಲವೆಡೆ ಅಂತರ್ಜಲವನ್ನು ಮೇಲಕ್ಕೆತ್ತಿ, ಜೊತೆಗೆ ನೆಲದ ಉಪ್ಪನ್ನೂ ತಂದಿದೆ. ಪಾಯದ ಮೇಲೆ ತೇವ ತಡೆಯುವ ಪದರವಿಲ್ಲದೆ ಕಲ್ಲುಮಣ್ಣಿನಲ್ಲಿ ಕಟ್ಟಿದ ನಮ್ಮ ಹಳೆಯ ಮನೆಯಲ್ಲಿ ಈ ನೀರು ಸುಮಾರು ಮೂರು ಅಡಿಯವರೆಗೆ ಏರುತ್ತಿತ್ತು, ಮತ್ತು ಅದು ಆರಿದಲ್ಲೆಲ್ಲ ಉಪ್ಪು ಹರಳುಗಟ್ಟಿ ಗಿಲಾವನ್ನು ಒಳಗಿನಿಂದ ಒಡೆಯುತ್ತಿತ್ತು. ಗೌಂಡಿಗಳೂ ಅಂಗಡಿಯವರೂ ಹೇಳುವ ಪರಿಹಾರಗಳು ಬೇರೆಬೇರೆಯಾದ್ದರಿಂದ ಒಂದೊಂದು ಗೋಡೆಗೆ ಒಂದೊಂದನ್ನು ಮಾಡಿಸಿ ಹೋಲಿಸಿದೆ.

ನೀರುನಿರೋಧಕ ಪುಡಿ ಬೆರೆಸಿದ ಸಿಮೆಂಟ್ ಗಿಲಾವು ಎಲ್ಲಕ್ಕಿಂತ ಬೇಗ ಮುಗಿಯಿತು, ನೋಡಲೂ ಚೆನ್ನಾಗಿತ್ತು. ಆದರೆ ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಕಲೆ ಗಿಲಾವಿನ ಮೇಲಂಚನ್ನು ದಾಟಿತ್ತು. ಕೆಳಗೆ ಆರಲು ದಾರಿಯಿಲ್ಲದ ನೀರು, ದಾರಿ ಸಿಗುವ ಎತ್ತರದವರೆಗೂ ಏರುತ್ತದೆ. ನಾಲ್ಕು ಅಡಿ ಟೈಲ್ಸ್ ಹಚ್ಚಿದ ಅಡುಗೆಮನೆಯ ಗೋಡೆಯಲ್ಲೂ ಆದದ್ದು ಇದೇ.

ಗೋಡೆಯ ಬುಡದಲ್ಲಿ ಸಾಲಾಗಿ ರಂಧ್ರ ಕೊರೆದು, ನೀರು ಮೇಲೇರದಂತೆ ತಡೆಯುವ ಸಿಲೇನ್ ಎಂಬ ರಾಸಾಯನಿಕ ತುಂಬಿಸುವ ವಿಧಾನ ದುಬಾರಿಯಾದರೂ ಇಟ್ಟಿಗೆಯ ನಡುಗೋಡೆಯಲ್ಲಿ ಫಲ ಕೊಟ್ಟಿತು, ಏಕೆಂದರೆ ಅಲ್ಲಿ ಸಿಮೆಂಟ್ ಸಂದು ಒಂದೇ ಮಟ್ಟದಲ್ಲಿ ಸಾಗುತ್ತದೆ. ಎರಡು ಮುಖದ ಕಲ್ಲುಗೋಡೆಯಲ್ಲಿ ಮಾತ್ರ ನಡುವಿನ ಮಣ್ಣು ಮತ್ತು ಚಕ್ಕೆಕಲ್ಲಿನ ಪೊಳ್ಳುಗಳಿಗೆ ಔಷಧಿ ಇಳಿದುಹೋಗಿ, ಅಖಂಡವಾದ ತಡೆ ಏರ್ಪಡಲೇ ಇಲ್ಲ. ಅಲ್ಲದೆ ತಡೆ ಸರಿಯಾಗಿ ಕೂತರೂ ಉಪ್ಪು ತುಂಬಿದ ಹಳೆಯ ಗಿಲಾವನ್ನು ಕೆತ್ತಿ ತೆಗೆಯಲೇಬೇಕು; ಆ ಉಪ್ಪು ಗಾಳಿಯ ತೇವವನ್ನೂ ಹೀರುತ್ತದೆ.

ಕಲ್ಲುಗೋಡೆಗೆ ನಾನು ಮನಸಾರೆ ಒಪ್ಪಿದ್ದು ಸುಣ್ಣದ ಗಾರೆಯನ್ನು. ಅರಳಿಸಿ ಕೆಲವು ವಾರ ನೀರಿನಲ್ಲಿಟ್ಟ ಸುಣ್ಣ ಒಂದು ಪಾಲು, ತೊಳೆದ ಉಸುಕು ಮೂರು ಪಾಲು, ಜೊತೆಗೆ ಸ್ವಲ್ಪ ಇಟ್ಟಿಗೆ ಪುಡಿ. ಹಳೆಯ ಗಿಲಾವನ್ನು ಕಲೆಗಿಂತ ಒಂದು ಅಡಿ ಮೇಲಿನವರೆಗೆ ಕೆತ್ತಿಸಿ, ಉಪ್ಪನ್ನು ಒಣಗಿದ್ದಾಗಲೇ ಬ್ರಷ್‌ನಿಂದ ಉದುರಿಸಿ, ಬಳಿಕ ತೆಳುವಾದ ಪದರಗಳಲ್ಲಿ ಹಚ್ಚಿಸಿದೆ. ಇದು ನೀರನ್ನು ತಡೆಯುವುದಿಲ್ಲ, ಗೋಡೆಯನ್ನು ಆರಲು ಬಿಡುತ್ತದೆ. ಉಪ್ಪಿನ ಹೊಡೆತವನ್ನು ತಾನು ತಿಂದು ಕಲ್ಲಿನ ಸಂದುಗಳನ್ನು ಉಳಿಸುತ್ತದೆ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಬುಡದ ಪಟ್ಟಿಯನ್ನು ಹೊಸದಾಗಿ ಹಚ್ಚಬೇಕಾಗುತ್ತದೆ, ಗೋಡೆಗೆ ಒರಗಿದರೆ ಬಟ್ಟೆಗೆ ಸುಣ್ಣ ಹತ್ತುತ್ತದೆ, ಮತ್ತು ಈ ಕೆಲಸ ಬಲ್ಲ ಗೌಂಡಿಗಳನ್ನು ಹುಡುಕಬೇಕು. ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ಶ್ರಮವೆಲ್ಲ ವ್ಯರ್ಥ, ಸುಣ್ಣವನ್ನೇ ಬಳಿಯಬೇಕು.

ಈ ಯಾವುದಕ್ಕಿಂತಲೂ ಕಡಿಮೆ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸ ಕಂಡದ್ದು ಗೋಡೆಯ ಹೊರಗೆ. ಪದೇಪದೇ ಕಾಂಕ್ರೀಟ್ ಹಾಕಿದ್ದರಿಂದ ಬೀದಿ ನಮ್ಮ ಪಾಯಕ್ಕಿಂತ ಎತ್ತರವಾಗಿ, ಮಳೆನೀರು ಗೋಡೆಯ ಬುಡದಲ್ಲೇ ನಿಲ್ಲುತ್ತಿತ್ತು. ಬುಡದ ಮಣ್ಣನ್ನು ಒಳನೆಲಕ್ಕಿಂತ ಅರ್ಧ ಅಡಿ ಕೆಳಗಿಳಿಸಿ, ಹೊರಕ್ಕೆ ಇಳಿಜಾರು ಕೊಟ್ಟು, ಮಾಳಿಗೆಯ ನೀರನ್ನು ಪೈಪಿನಿಂದ ದೂರಕ್ಕೆ ಬಿಟ್ಟ ಮೇಲೆ, ಇನ್ನೂ ಮುಟ್ಟದಿದ್ದ ಗೋಡೆಯ ಕಲೆಯೂ ಇಳಿಯಿತು. ಆದ್ದರಿಂದ ಈ ಕೆಲಸವನ್ನು ಕಾಲುವೆ ಬಂದಾದ ಬೇಸಿಗೆಯಲ್ಲಿ ಮೊದಲು ಮುಗಿಸಿ, ಗೋಡೆ ಆರಿದ ಬಳಿಕ ಗಾರೆಗೆ ಕೈಹಾಕುವುದು ಒಳ್ಳೆಯದು. ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಹಸಿ ಗಾರೆ ಗಟ್ಟಿಯಾಗುವ ಮುನ್ನವೇ ಒಣಗಿ ಬಿರಿಯುವುದರಿಂದ, ಅದರ ಮುಂದೆ ಒದ್ದೆ ಗೋಣಿತಟ್ಟು ಕಟ್ಟಿರಬೇಕು.